ಆವೃತ್ತಿ ಹೊಸದು, ಹಕ್ಕು ಹಳೆಯದು : ಕೊಬ್ಬರಿ ನಾಡಿನ ಗಣಕಗಳಿಗೆ ಪರವಾನಗಿಯ ಪ್ರಶ್ನೆ

ತಿಪಟೂರು : ತೆಂಗಿನ ತೋಟವನ್ನು ಕ್ರಯಕ್ಕೆ ಕೊಳ್ಳುವುದಕ್ಕೂ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಗುತ್ತಿಗೆದಾರನಿಗೆ ಕಾಯಿಯ ಮೇಲೆ ಹಕ್ಕು, ಮರದ ಮೇಲಲ್ಲ. ಅವಧಿ ಮುಗಿದ ನಂತರ ಒಡೆದ ಹೊಂಬಾಳೆ ಅವನದಲ್ಲ. ತೋಟದ ವ್ಯವಹಾರದಲ್ಲಿ ಇಷ್ಟೊಂದು ಖಚಿತವಾಗಿರುವ ಇದೇ ಸೀಮೆಯ ಮಂಡಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ಏಳುವುದು ಅಪರೂಪ. ಯಂತ್ರವನ್ನು ಕೊಂಡದ್ದಾಯಿತು. ಅದರೊಳಗಿನ ತಂತ್ರಾಂಶವನ್ನು ಕೊಂಡದ್ದೋ, ಗುತ್ತಿಗೆಗೆ ಹಿಡಿದದ್ದೋ?

ಈ ಪ್ರಶ್ನೆಯನ್ನು ಇನ್ನು ಮುಂದೂಡುವಂತಿಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ದಿನ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಕೊನೆಗೊಂಡಿತು. ಆ ದಿನದಿಂದ ಯಂತ್ರಗಳೇನೂ ನಿಂತುಹೋಗಲಿಲ್ಲ. ಆದರೆ ಭದ್ರತೆಯ ಲೋಪಗಳನ್ನು ಮುಚ್ಚುವ ತೇಪೆಗಳು ಬರುವುದು ನಿಂತಿತು. ಹೊಸ ಆವೃತ್ತಿಗೆ ಹೋಗಲೇಬೇಕೆಂಬ ಒತ್ತಾಯ ಶುರುವಾಯಿತು. ಹೋಗುವಾಗ ಹಳೆಯ ಪರವಾನಗಿ ಜೊತೆಗೆ ಬರುತ್ತದೆಯೇ ಎಂಬುದೇ ಈಗಿನ ತೊಡಕು.

ಜಿಎಸ್‌ಟಿ ವರ್ಷದ ಯಂತ್ರಗಳು

ಕೊಬ್ಬರಿ ವ್ಯಾಪಾರ ಗಣಕವನ್ನು ಅವಲಂಬಿಸಿದ್ದು ಎರಡು ಹಂತಗಳಲ್ಲಿ. ಮೊದಲನೆಯದು ಮಾರುಕಟ್ಟೆಯದು. 2014ರಲ್ಲಿ ರಾಜ್ಯ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದ ಬಳಿಕ ಎಪಿಎಂಸಿಗಳ ಟೆಂಡರ್ ಅಂತರ್ಜಾಲಕ್ಕೆ ಹೊರಳಿತು. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಿದ ಉಂಡೆ ಕೊಬ್ಬರಿಯ ಬೆಲೆ ಗಣಕದ ಪರದೆಯ ಮೇಲೆ ನಿಗದಿಯಾಗತೊಡಗಿತು. ಎರಡನೆಯದು ತೆರಿಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ನೆಚ್ಚಿಕೊಂಡಿದ್ದ ಸಣ್ಣ ವರ್ತಕರೂ ಗಣಕ ಕೊಳ್ಳುವುದು ಅನಿವಾರ್ಯವಾಯಿತು.

ಈಗ ತೊಂದರೆಗೆ ಸಿಲುಕಿರುವುದು ಈ ಎರಡು ಹಂತಗಳಲ್ಲಿ ಕೊಂಡ ಯಂತ್ರಗಳೇ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11, ಪರವಾನಗಿ ಇರುವ ವಿಂಡೋಸ್ 10 ಬಳಕೆದಾರರಿಗೆ ಉಚಿತ. ಆದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಸುರಕ್ಷಿತ ಆರಂಭದ ಸೌಲಭ್ಯ ಇರಬೇಕು, ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದ್ದೋ ಅದರ ನಂತರದ್ದೋ ಆಗಿರಬೇಕು. ಮೇಜಿನ ಗಣಕಗಳಿಗೆ ಎಂಟನೇ ತಲೆಮಾರಿನ ಸಂಸ್ಕಾರಕ ಬಂದದ್ದೇ 2017ರ ಅಕ್ಟೋಬರ್‌ನಲ್ಲಿ. ಜಿಎಸ್‌ಟಿಗೆಂದು ಅದೇ ವರ್ಷದ ಜೂನ್, ಜುಲೈನಲ್ಲಿ ಕೊಂಡ ಮೇಜಿನ ಗಣಕಗಳು ಕೆಲವೇ ತಿಂಗಳ ಅಂತರದಲ್ಲಿ ಗೆರೆಯ ಆಚೆ ಉಳಿದವು. ಉಚಿತ ಎಂಬ ಮಾತು ಅವುಗಳ ಮಟ್ಟಿಗೆ ಅರ್ಥವಿಲ್ಲದ್ದು.

ಅಂಥ ಯಂತ್ರದ ಒಡೆಯ ಹೊಸ ಗಣಕ ಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಹಳೆಯ ಗಣಕದಲ್ಲಿದ್ದ ವಿಂಡೋಸ್ ಪರವಾನಗಿ ಹೊಸದಕ್ಕೆ ಬರುತ್ತದೆಯೇ? ಉತ್ತರ ಆ ಪರವಾನಗಿ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಯಂತ್ರದ ಜೊತೆಗೇ ತಯಾರಕರು ಅಳವಡಿಸಿ ಕೊಟ್ಟ, ಒಇಎಂ ಎಂದು ಕರೆಯಲಾಗುವ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದದ್ದು. ಯಂತ್ರ ಗುಜರಿಗೆ ಹೋದರೆ ಪರವಾನಗಿಯೂ ಹೋದಂತೆ. ಅಂಗಡಿಯಲ್ಲಿ ಪ್ರತ್ಯೇಕ ಪೆಟ್ಟಿಗೆಯಾಗಿ ಕೊಂಡ ಚಿಲ್ಲರೆ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ವರ್ಗಾಯಿಸಬಹುದು. ದೊಡ್ಡ ಸಂಸ್ಥೆಗಳು ಸಗಟಾಗಿ ಕೊಳ್ಳುವ ಪರವಾನಗಿ ಮೂರನೆಯ ಬಗೆ. ಅದು ಉನ್ನತೀಕರಣಕ್ಕೆ ಮಾತ್ರ ಸಲ್ಲುತ್ತದೆ. ಯಂತ್ರದಲ್ಲಿ ಅರ್ಹವಾದ ಮೂಲ ಪರವಾನಗಿಯೊಂದು ಮೊದಲೇ ಇರಬೇಕು. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ. ಬೇರೆಬೇರೆ ಎಂದು ತಿಳಿಯುವುದು ಯಂತ್ರ ಬದಲಿಸುವ ದಿನ.

ಆವೃತ್ತಿಯ ದರ್ಜೆಯ ಪ್ರಶ್ನೆಯೂ ಇದೆ. ಹೋಮ್ ದರ್ಜೆ ಹೊಂದಿದವರಿಗೆ ಉಚಿತವಾಗಿ ಸಿಗುವುದು ಹೊಸ ಹೋಮ್, ಪ್ರೊ ಹೊಂದಿದವರಿಗೆ ಹೊಸ ಪ್ರೊ. ಕೆಳಗಿನಿಂದ ಮೇಲಕ್ಕೆ ಹತ್ತಬೇಕಾದರೆ ಪ್ರತ್ಯೇಕ ಶುಲ್ಕ. ಇನ್ನು ವಿಂಡೋಸ್ 7 ಮತ್ತು 8.1ರ ಪರವಾನಗಿ ಇದ್ದವರಿಗೆ 2015ರ ಜುಲೈ 29ರಿಂದ ಒಂದು ವರ್ಷದ ಉಚಿತ ಅವಕಾಶ ಘೋಷಣೆಯಾಗಿತ್ತು. ಗಡುವು ಮುಗಿದ ಮೇಲೂ ಹಳೆಯ ಕೀಲಿಗಳು ವರ್ಷಗಟ್ಟಲೆ ಕೆಲಸ ಮಾಡಿದವು. 2023ರಲ್ಲಿ ಆ ದಾರಿಯನ್ನು ಸಂಸ್ಥೆ ಮುಚ್ಚಿತು. ನಡೆಯುತ್ತಿದೆ ಎಂಬುದಕ್ಕೂ ಹಕ್ಕಿದೆ ಎಂಬುದಕ್ಕೂ ಇರುವ ಅಂತರ ಆಗ ಅನೇಕರಿಗೆ ಅರಿವಾಯಿತು.

ಕಾಲಾವಕಾಶಕ್ಕೂ ಬೆಲೆ ಇದೆ. ವಿಂಡೋಸ್ 10ರ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ತೇಪೆಗಳ ಯೋಜನೆಯನ್ನು ಸಂಸ್ಥೆ ಪ್ರಕಟಿಸಿತು. ಶುಲ್ಕ 30 ಡಾಲರ್, ಇಲ್ಲವೇ ಕೆಲವು ಷರತ್ತುಗಳೊಡನೆ ಉಚಿತ. ಆದರೆ ಅದು ವಾಣಿಜ್ಯ ಬಳಕೆಗೆ ಉದ್ದೇಶಿಸಿದ್ದಲ್ಲ. ವ್ಯಾಪಾರ ಸಂಸ್ಥೆಗಳಿಗೆ ನಿಗದಿಯಾದ ಮೊದಲ ವರ್ಷದ ಶುಲ್ಕ ಪ್ರತಿ ಯಂತ್ರಕ್ಕೆ 61 ಡಾಲರ್. ಪ್ರತಿ ವರ್ಷ ಅದು ಇಮ್ಮಡಿ. ಗರಿಷ್ಠ ಅವಧಿ ಮೂರು ವರ್ಷ. ಮನೆಯ ಯೋಜನೆಯನ್ನು ಮಂಡಿಯ ಗಣಕಕ್ಕೆ ಹಾಕಿಕೊಂಡು ನಿಶ್ಚಿಂತೆಯಿಂದಿರುವುದು ಒಪ್ಪಂದದ ದೃಷ್ಟಿಯಲ್ಲಿ ಸರಿಯಲ್ಲ.

ಮೂರು ತಂತ್ರಾಂಶ, ಮೂರು ನ್ಯಾಯ

ವಿಂಡೋಸ್‌ನ ನಿಯಮವನ್ನು ಒಮ್ಮೆ ಅರಿತುಕೊಂಡರೆ ಉಳಿದವನ್ನೂ ಅರಿತಂತೆ ಎನ್ನಲಾಗದು. ಅದೇ ಗಣಕದಲ್ಲಿರುವ ಒಂದೊಂದು ತಂತ್ರಾಂಶಕ್ಕೂ ಒಂದೊಂದು ನ್ಯಾಯ.

ಒಂದೇ ಸಲ ಹಣ ತೆತ್ತು ಕೊಳ್ಳುವ ಆಫೀಸ್‌ನಲ್ಲಿ ಮುಂದಿನ ಆವೃತ್ತಿಯ ಹಕ್ಕು ಸೇರಿರುವುದಿಲ್ಲ. 2016ರ ಆವೃತ್ತಿ ಹೊಂದಿದವರು 2024ರ ಆವೃತ್ತಿ ಬೇಕೆಂದರೆ ಪೂರ್ಣ ಬೆಲೆಗೆ ಹೊಸದನ್ನೇ ಕೊಳ್ಳಬೇಕು. ಇಲ್ಲವೇ ವರ್ಷವರ್ಷವೂ ಚಂದಾ ಕಟ್ಟುವ ಪದ್ಧತಿಗೆ ಸೇರಬೇಕು.

ಲೆಕ್ಕಪತ್ರಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಟ್ಯಾಲಿ ಬೆಂಗಳೂರಿನದೇ ಸಂಸ್ಥೆ. ಇಲ್ಲಿ ನಿಯಮ ಬೇರೆ. ಶಾಶ್ವತ ಪರವಾನಗಿ ಕೊಂಡವರು ತಾವು ಹೊಂದಿರುವ ಆವೃತ್ತಿಯನ್ನು ಎಷ್ಟು ಕಾಲ ಬೇಕಾದರೂ ಬಳಸಬಹುದು. ಹೊಸ ಆವೃತ್ತಿ ಬೇಕಾದರೆ ಟಿಎಸ್ಎಸ್ ಎಂಬ ಸೇವಾ ಚಂದಾ ಚಾಲ್ತಿಯಲ್ಲಿರಬೇಕು. 2009ರಲ್ಲಿ ಬಂದ ಟ್ಯಾಲಿ ಇಆರ್‌ಪಿ 9ರ ಸ್ಥಾನಕ್ಕೆ 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಬಂದಾಗ, ಚಂದಾ ಚಾಲ್ತಿಯಲ್ಲಿದ್ದವರಿಗೆ ಅದು ಹೆಚ್ಚುವರಿ ಬೆಲೆಯಿಲ್ಲದೆ ದೊರೆಯಿತು. ಚಂದಾ ತಪ್ಪಿದವರು ನವೀಕರಿಸಬೇಕಾಯಿತು. ಮರ ತನ್ನದೇ, ಆದರೆ ಹೊಸ ಫಸಲಿಗೆ ಪ್ರತಿ ವರ್ಷ ಗೊಬ್ಬರ, ನೀರಿನ ಖರ್ಚು ಉಂಟು ಎಂಬ ಲೆಕ್ಕಾಚಾರ. ಈ ವ್ಯವಸ್ಥೆಯಲ್ಲಿ ಅನ್ಯಾಯವೇನೂ ಇಲ್ಲ. ಆದರೆ ತೆರಿಗೆಯ ನಿಯಮಗಳು ಆಗಾಗ ಬದಲಾಗುವ ದೇಶದಲ್ಲಿ, ಹಳೆಯ ಆವೃತ್ತಿಯನ್ನು ಶಾಶ್ವತವಾಗಿ ಬಳಸುವ ಹಕ್ಕು ವರ್ತಕನಿಗೆ ಎಷ್ಟರಮಟ್ಟಿಗೆ ಪ್ರಯೋಜನಕಾರಿ ಎಂಬುದು ವಿಚಾರಾರ್ಹ. ಜಿಎಸ್‌ಟಿ ಬಂದ ದಿನ ಅದಕ್ಕೆ ಹೊಂದುವ ಆವೃತ್ತಿ ಇಲ್ಲದವನಿಗೆ ಹಳೆಯ ಹಕ್ಕುಪತ್ರ ಒಲೆಗೆ ಹಾಕುವ ಚಿಪ್ಪಿನಷ್ಟೇ ಉಪಯುಕ್ತವಾಗಿತ್ತು.

ಮುದ್ರಣಾಲಯಗಳ ಕಥೆ ಮೂರನೆಯದು. ಮದುವೆ ಲಗ್ನಪತ್ರಿಕೆಯಿಂದ ಸ್ಥಳೀಯ ವಾರಪತ್ರಿಕೆಯವರೆಗೆ ರಾಜ್ಯದ ಸಣ್ಣ ಊರುಗಳ ಪುಟವಿನ್ಯಾಸವೆಲ್ಲ ಒಂದು ಕಾಲಕ್ಕೆ ಅಡೋಬಿ ಪೇಜ್‌ಮೇಕರ್‌ನಲ್ಲಿ ನಡೆಯುತ್ತಿತ್ತು. ಅದರ ಕೊನೆಯ ಪ್ರಮುಖ ಆವೃತ್ತಿ 2001ರ 7.0. ಬಳಿಕ ಅದೇ ಸಂಸ್ಥೆಯ ಇನ್‌ಡಿಸೈನ್ ಆ ಜಾಗ ತುಂಬಿತು. 2013ರಲ್ಲಿ ಸಂಸ್ಥೆ ತನ್ನ ವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಷ್ಟೇ ನೀಡುವುದಾಗಿ ಪ್ರಕಟಿಸಿತು. ಹಳೆಯ ಆವೃತ್ತಿ ಇದ್ದವರಿಗೆ ರಿಯಾಯಿತಿ ದರದಲ್ಲಿ ಹೊಸದನ್ನು ಕೊಳ್ಳುವ ದಾರಿ ಅಲ್ಲಿಗೆ ಮುಗಿಯಿತು. ಕ್ರಯ ಹೋಗಿ ಗುತ್ತಿಗೆ ಬಂತು.

ಕನ್ನಡದ ಸ್ವಂತ ಉದಾಹರಣೆಯೂ ಉಂಟು. ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿ 1998ರಲ್ಲಿ ಬಿಡುಗಡೆಯಾದ ಬರಹ ತಂತ್ರಾಂಶ ಬಹುಕಾಲ ಉಚಿತವಾಗಿ ದೊರೆತು, ಗಣಕದಲ್ಲಿ ಕನ್ನಡ ಬರೆಯುವುದನ್ನು ಮನೆಮನೆಗೂ ತಲುಪಿಸಿತು. ನಂತರದ ಆವೃತ್ತಿಗಳು ಶುಲ್ಕದ ಪರವಾನಗಿಗೆ ಹೊರಳಿದವು. ರಚಿಸಿದವರ ಶ್ರಮಕ್ಕೆ ಬೆಲೆ ಕೇಳುವುದರಲ್ಲಿ ತಪ್ಪಿಲ್ಲ. ಹಳೆಯದು ಉಚಿತವಾಗಿತ್ತು ಎಂಬ ಒಂದೇ ಕಾರಣಕ್ಕೆ ಹೊಸದೂ ಉಚಿತ ಎಂದು ಭಾವಿಸಿ ಎಲ್ಲಿಂದಲೋ ಕೀಲಿ ತಂದು ಹಾಕಿಕೊಂಡರೆ ಮಾತ್ರ ಅದು ಉಲ್ಲಂಘನೆಯೇ. ಹೆಸರು ಒಂದೇ ಆದರೂ ಆವೃತ್ತಿಗೊಂದು ಒಪ್ಪಂದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಕನ್ನಡಿಗರಿಗೆ ಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿಯೇ ದೊರೆಯುತ್ತ ಬಂದಿರುವುದು ಇನ್ನೊಂದು ಮಾದರಿ.

ಕಾನೂನು ಹೇಳುವುದೇನು?

ತಂತ್ರಾಂಶವನ್ನು ಕೊಳ್ಳಲಾಗುತ್ತದೆಯೋ, ಬಾಡಿಗೆಗೆ ಪಡೆಯಲಾಗುತ್ತದೆಯೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ, ಅದೂ ತೆರಿಗೆಯ ದಾರಿಯಿಂದ. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, ಅಂಗಡಿಯಲ್ಲಿ ಮಾರುವ ಸಿದ್ಧ ತಂತ್ರಾಂಶ ಸರಕೇ ಎಂದು ಸಂವಿಧಾನ ಪೀಠ ತೀರ್ಪಿತ್ತಿತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕ ಹೈಕೋರ್ಟ್ 2011ರಲ್ಲಿ ತಳೆದಿದ್ದ ನಿಲುವನ್ನು ತಳ್ಳಿಹಾಕಿತು. ತಂತ್ರಾಂಶಕ್ಕೆ ವಿದೇಶಿ ಸಂಸ್ಥೆಗೆ ಕೊಡುವ ಹಣ ಕೃತಿಸ್ವಾಮ್ಯಕ್ಕೆ ಕೊಡುವ ರಾಯಧನವಲ್ಲ. ಕೊಂಡವನಿಗೆ ದೊರೆಯುವುದು ಕೃತಿಯ ಒಂದು ಪ್ರತಿ, ಕೃತಿಯ ಸ್ವಾಮ್ಯವಲ್ಲ ಎಂಬುದು ಅದರ ತಿರುಳು.

ಪುಸ್ತಕ ಕೊಂಡವನಿಗೆ ಪುಸ್ತಕ ಸಿಗುತ್ತದೆ, ಮರುಮುದ್ರಣದ ಹಕ್ಕು ಸಿಗುವುದಿಲ್ಲ ಎಂಬಂತೆಯೇ ಇದು. ಎರಡನೆಯ ಮುದ್ರಣ ಪರಿಷ್ಕೃತವಾಗಿ ಬಂದರೆ ಮೊದಲನೆಯದನ್ನು ಕೊಂಡವನಿಗೆ ಅದನ್ನು ಬಿಟ್ಟಿಯಾಗಿ ಕೇಳುವ ಅಧಿಕಾರವಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಉಂಟು. ಹೊಸ ಆವೃತ್ತಿಯ ಹಕ್ಕು ಕಾನೂನಿನಿಂದ ತಾನಾಗಿ ಹುಟ್ಟುವುದಿಲ್ಲ, ಒಪ್ಪಂದದಿಂದ ಹುಟ್ಟುತ್ತದೆ. ಯುರೋಪಿನ ನ್ಯಾಯಾಲಯ 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿತ್ತು. ಶಾಶ್ವತ ಪರವಾನಗಿಯ ತಂತ್ರಾಂಶವನ್ನು ಕೊಂಡವನು ಮತ್ತೊಬ್ಬರಿಗೆ ಮಾರಬಹುದು. ನಿರ್ವಹಣಾ ಒಪ್ಪಂದದಡಿ ತಿದ್ದಿ ನವೀಕರಿಸಿದ ಪ್ರತಿಯೂ ಆ ಮಾರಾಟದಲ್ಲಿ ಸೇರುತ್ತದೆ ಎಂದು ಅದು ಹೇಳಿತು. ಭಾರತದ ತೀರ್ಪುಗಳು ಬಂದದ್ದು ತೆರಿಗೆಯ ಸಂದರ್ಭದಲ್ಲಿ. ಬಳಕೆದಾರನ ಮರುಮಾರಾಟದ ಹಕ್ಕನ್ನು ಅವು ಅಷ್ಟು ನೇರವಾಗಿ ಸಾರುವುದಿಲ್ಲ.

ದಂಡನೆಯ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿ ಗಣಕ ಕಾರ್ಯಕ್ರಮಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ನಕಲಿ ಎಂದು ತಿಳಿದೂ ತಂತ್ರಾಂಶವನ್ನು ಬಳಸಿದರೆ 63ಬಿ ವಿಧಿಯನ್ವಯ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲವಾದರೆ ಸೆರೆವಾಸವಿಲ್ಲದೆ ದಂಡವನ್ನಷ್ಟೇ ವಿಧಿಸುವ ವಿವೇಚನೆ ನ್ಯಾಯಾಲಯಕ್ಕಿದೆ. ಮಂಡಿಯ ಗಣಕ ವ್ಯಾಪಾರದ್ದೇ ಆದ್ದರಿಂದ ಆ ರಿಯಾಯಿತಿ ಅಲ್ಲಿ ಅನ್ವಯವಾಗುವುದು ಕಷ್ಟ. ಅದೇ ಕಾಯ್ದೆಯ 52ನೇ ವಿಧಿ, ನ್ಯಾಯವಾಗಿ ಪ್ರತಿ ಹೊಂದಿದವನು ಹಾನಿ, ನಾಶದ ವಿರುದ್ಧ ರಕ್ಷಣೆಗೆಂದು ತಾತ್ಕಾಲಿಕ ನಕಲು ಇಟ್ಟುಕೊಳ್ಳಲು ಅವಕಾಶ ನೀಡುತ್ತದೆ ಎಂಬುದೂ ನೆನಪಿನಲ್ಲಿರಬೇಕಾದ ಅಂಶ.

ಹಳೆಯ ಲೆಕ್ಕ ತೆರೆಯಬೇಕಲ್ಲ

ಪರವಾನಗಿಯ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ಸಂಗತಿ ಹಳೆಯ ಕಡತಗಳದು. ಜಿಎಸ್‌ಟಿ ಕಾಯ್ದೆಯ 36ನೇ ವಿಧಿಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಲೆಕ್ಕ ಗಣಕದಲ್ಲಿದ್ದರೆ ಕಾಪಾಡುವುದೆಂದರೆ ಕಡತ ಇರುವುದಷ್ಟೇ ಅಲ್ಲ, ಅದನ್ನು ತೆರೆದು ಓದುವ ತಂತ್ರಾಂಶವೂ ಇರುವುದು. ಹೊಸ ಆವೃತ್ತಿಗೆ ಒಮ್ಮೆ ವರ್ಗಾಯಿಸಿದ ದತ್ತಾಂಶ ಹಳೆಯ ಆವೃತ್ತಿಯಲ್ಲಿ ಮತ್ತೆ ತೆರೆಯದಿರುವುದು ಲೆಕ್ಕದ ತಂತ್ರಾಂಶಗಳಲ್ಲಿ ಸಾಮಾನ್ಯ. ಚಂದಾ ಪದ್ಧತಿಯ ತಂತ್ರಾಂಶವಾದರೆ ಚಂದಾ ನಿಂತ ದಿನ ಕಡತದ ಬಾಗಿಲೂ ಮುಚ್ಚುವ ಸಂಭವವುಂಟು.

2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದೇ ವರ್ಷ 20 ಸಾವಿರವನ್ನೂ ದಾಟಿತು. ಒಂದೊಂದು ಲಾಟಿನ ಲೆಕ್ಕವೂ ಲಕ್ಷಗಳಲ್ಲಿರುವಾಗ, ತೇಪೆಯಿಲ್ಲದ ಗಣಕವೊಂದು ದಾಳಿಗೆ ಸಿಲುಕಿ ಕಡತಗಳಿಗೆ ಬೀಗ ಬಿದ್ದರೆ ನಷ್ಟ ವರ್ತಕನೊಬ್ಬನದೇ ಆಗಿ ಉಳಿಯುವುದಿಲ್ಲ. ಆ ಮಂಡಿಯಿಂದ ಹಣ ಬರಬೇಕಾದ ರೈತನ ಪಟ್ಟಿಯೂ ಅದರೊಳಗೇ ಸಿಕ್ಕಿಬೀಳುತ್ತದೆ.

ಬೇರೆ ದಾರಿ ಇದೆಯೇ?

ಉಂಟು. ಆದರೆ ಎಲ್ಲರಿಗೂ ಎಲ್ಲಕ್ಕೂ ಅಲ್ಲ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ಹೊಸ ಆವೃತ್ತಿಗೆ ಪರವಾನಗಿ ಶುಲ್ಕವಿಲ್ಲ. ಒಮ್ಮೆ ಕೊಟ್ಟ ಬಳಕೆಯ ಹಕ್ಕನ್ನು ಆವೃತ್ತಿ ಬದಲಾದ ನೆಪದಲ್ಲಿ ಹಿಂಪಡೆಯುವಂತಿಲ್ಲ. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳಲ್ಲಿಯೂ ಅವು ನಡೆಯುತ್ತವೆ. ಕೆ.ಪಿ.ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯೂ ಅವುಗಳಲ್ಲಿ ಲಭ್ಯ. ಮತ್ತೊಂದು ತೆಂಗಿನ ನಾಡಾದ ಕೇರಳ ತನ್ನ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನು 2000ರ ದಶಕದಲ್ಲೇ ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಿತು. ಕೇಂದ್ರ ಸರ್ಕಾರವೂ 2015ರಲ್ಲಿ ಸರ್ಕಾರಿ ಬಳಕೆಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಪತ್ರ ಬರೆಯುವ, ಕೋಷ್ಟಕ ತಯಾರಿಸುವ, ಅಂತರ್ಜಾಲ ನೋಡುವ ಕೆಲಸಕ್ಕಷ್ಟೇ ಬಳಕೆಯಾಗುವ ಗಣಕಕ್ಕೆ ಹೊಸ ಪರವಾನಗಿಯ ಖರ್ಚು ಅನಗತ್ಯ. ಆದರೆ ಟ್ಯಾಲಿ ವಿಂಡೋಸ್‌ಗಾಗಿಯೇ ರಚಿತವಾದದ್ದು. ಲೆಕ್ಕದ ಗಣಕವನ್ನು ಆತುರದಲ್ಲಿ ಬದಲಿಸುವುದು ವಿವೇಕವಲ್ಲ. ಕೆಲಸವನ್ನು ಮೊದಲು ವಿಂಗಡಿಸಿ, ನಂತರ ಯಂತ್ರವನ್ನು ನಿರ್ಧರಿಸುವುದು ಸರಿಯಾದ ಕ್ರಮ.

ರಸೀದಿಯಲ್ಲಿರಬೇಕಾದ ಸಾಲುಗಳು

ಇಡೀ ಸಮಸ್ಯೆಯ ಮೂಲ ಬೆಲೆಯಲ್ಲಿಲ್ಲ, ರಸೀದಿಯಲ್ಲಿದೆ. ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ಮಾರಿದ ರೈತನ ಪಟ್ಟಿಯಲ್ಲಿ ಚೀಲವೆಷ್ಟು, ತೂಕವೆಷ್ಟು, ದರವೆಷ್ಟು ಎಂಬುದು ಬರೆದಿರಲೇಬೇಕು. ಆ ಶಿಸ್ತು ದಶಕಗಳ ಹೋರಾಟದಿಂದ ಬಂದದ್ದು. ಸಾವಿರಾರು ರೂಪಾಯಿಯ ಗಣಕದ ರಸೀದಿಯಲ್ಲಿ ಮಾತ್ರ ಯಂತ್ರ ಒಂದು, ತಂತ್ರಾಂಶ ಸಹಿತ ಎಂದಷ್ಟೇ ಬರೆದರೂ ನಡೆಯುತ್ತದೆ. ಯಾವ ಬಗೆಯ ಪರವಾನಗಿ, ಯಾವ ದರ್ಜೆ, ಯಾರ ಹೆಸರಿನಲ್ಲಿ, ಬೇರೆ ಯಂತ್ರಕ್ಕೆ ವರ್ಗಾಯಿಸಬಹುದೇ, ಮುಂದಿನ ಆವೃತ್ತಿಗೆ ಹಕ್ಕುಂಟೇ, ಬೆಂಬಲ ಎಂದು ಮುಗಿಯುತ್ತದೆ ಎಂಬ ಆರು ವಿವರಗಳು ಆ ಕಾಗದದಲ್ಲಿದ್ದರೆ, ಎಂಟು ವರ್ಷಗಳ ನಂತರ ಏಳುವ ಮುಕ್ಕಾಲು ಪಾಲು ಗೊಂದಲ ಕೊಳ್ಳುವ ದಿನವೇ ತೀರುತ್ತದೆ.

ಪರವಾನಗಿಯ ಷರತ್ತುಗಳು ಇಂಗ್ಲಿಷಿನಲ್ಲಿ, ಹತ್ತಾರು ಪುಟಗಳಲ್ಲಿ ಇರುತ್ತವೆ. ಒಪ್ಪಿದೆ ಎಂಬ ಗುಂಡಿಯನ್ನು ಒತ್ತುವವನು ಗಣಕ ಜೋಡಿಸಲು ಬಂದ ಹುಡುಗ. ಒಪ್ಪಂದಕ್ಕೆ ಬದ್ಧನಾಗುವವನು ಮಂಡಿಯ ಯಜಮಾನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಕುಂದಿಸುವ ಏಕಪಕ್ಷೀಯ ಒಪ್ಪಂದಗಳನ್ನು ಅನ್ಯಾಯದ ಒಪ್ಪಂದಗಳೆಂದು ಗುರುತಿಸುತ್ತದೆ. ಅವುಗಳ ವಿರುದ್ಧ ರಾಜ್ಯ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ವಾಣಿಜ್ಯ ಉದ್ದೇಶದ ಖರೀದಿಯನ್ನು ಕಾಯ್ದೆ ಹೊರಗಿಡುತ್ತದಾದರೂ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಕೊಂಡವನನ್ನು ಗ್ರಾಹಕನೆಂದೇ ಪರಿಗಣಿಸುತ್ತದೆ. ತಾನೇ ಕುಳಿತು ಲೆಕ್ಕ ಬರೆಯುವ ಸಣ್ಣ ವರ್ತಕನಿಗೆ, ಒಬ್ಬನೇ ನಡೆಸುವ ಮುದ್ರಣಾಲಯಕ್ಕೆ ಈ ಬಾಗಿಲು ತೆರೆದೇ ಇದೆ.

ಎಪಿಎಂಸಿಗಳು, ವರ್ತಕರ ಸಂಘಗಳು ಮತ್ತು ಸಹಕಾರ ಇಲಾಖೆ ಮನಸ್ಸು ಮಾಡಿದರೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಮ್ಮ ವ್ಯಾಪ್ತಿಯ ಗಣಕಗಳ ಪರವಾನಗಿಯ ಬಗೆ, ಯಂತ್ರದ ವಯಸ್ಸು, ಬೆಂಬಲದ ಗಡುವು ಇವುಗಳ ಪಟ್ಟಿ ತಯಾರಿಸುವುದು ಮೊದಲನೆಯದು. ಹೆಚ್ಚು ಬಳಕೆಯಲ್ಲಿರುವ ನಾಲ್ಕೈದು ತಂತ್ರಾಂಶಗಳ ಉನ್ನತೀಕರಣದ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟಕ್ಕಿಳಿಸಿ ಹಂಚುವುದು ಎರಡನೆಯದು. ತಿಪಟೂರಿನಲ್ಲೇ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವಿದೆ. ವಿದ್ಯಾರ್ಥಿಗಳಿಗೆ ಇದು ಪುಸ್ತಕದಾಚೆಯ ಉತ್ತಮ ಪಾಠವೂ ಆದೀತು. ಪರವಾನಗಿಯ ಬಗೆಯನ್ನು ನಮೂದಿಸದ ರಸೀದಿಗೆ ಹಣ ಕೊಡುವುದಿಲ್ಲ ಎಂದು ಸಂಘಗಳು ನಿರ್ಧರಿಸುವುದು ಮೂರನೆಯದು, ಮುಖ್ಯವಾದದ್ದು.

ತೆಂಗಿನ ಸಸಿ ನೆಡುವವನು ಅದು ಎಷ್ಟು ವರ್ಷಕ್ಕೆ ಫಲ ಕೊಡುತ್ತದೆ, ಯಾವ ತಳಿ, ಯಾವ ನೆಲಕ್ಕೆ ಒಗ್ಗುತ್ತದೆ ಎಂದು ವಿಚಾರಿಸದೆ ಗುಂಡಿ ತೋಡುವುದಿಲ್ಲ. ವಿಂಡೋಸ್ 10ರ ಗಡುವು ಮುಗಿದಿದೆ. ಆಫೀಸ್ 2021ರ ಬೆಂಬಲದ ಗಡುವು 2026ರ ಅಕ್ಟೋಬರ್ 13. ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಪ್ರತಿ ಗಡುವಿನಲ್ಲೂ ಹೊಸದಾಗಿ ಗಾಬರಿಗೊಳ್ಳುವುದೋ, ಕೈಯಲ್ಲಿರುವ ಕಾಗದ ಕ್ರಯಪತ್ರವೋ ಗುತ್ತಿಗೆಪತ್ರವೋ ಎಂದು ಇಂದೇ ಬಿಡಿಸಿ ನೋಡುವುದೋ ಎಂಬುದನ್ನು ಕೊಬ್ಬರಿ ನಾಡಿನ ವರ್ತಕರೇ ತೀರ್ಮಾನಿಸಬೇಕು.